ತಿತಾನೋ ಬೆಟ್ಟದ ಗಣರಾಜ್ಯ

ಇಟಲಿ ದೇಶದ ಪೂರ್ವತೀರದಲ್ಲಿ, ಏಡ್ರಿಯಾಟಿಕ್ ಸಮುದ್ರದ ದಡದ ಮೇಲೆ, ರಿಮಿನಿ ಎಂಬ ಪ್ರಾಚೀನ ಪಟ್ಟಣವಿರುವುದು. ಅಲ್ಲಿಂದ ನೈರುತ್ಯ ದಿಕ್ಕಿಗೆ ಕಣ್ಣು ಹಾಯಿಸಿದರೆ, ಬಯಲು ಮುಗಿದು ಗುಡ್ಡಗಾಡು ಮೊದಲಾಗುವ ಎಡೆಯಲ್ಲಿ ಒಂದು ಹೆಬ್ಬಂಡೆಯು ಒಂಟಿಯಾಗಿ ತಲೆಯೆತ್ತಿ ನಿಂತಿರುವುದು ಕಾಣುತ್ತದೆ. ಸಮುದ್ರದ ಕಡೆಯ ಅದರ ಪಾರ್ಶ್ವವು ಕೊಡಲಿಯಿಂದ ಕಡಿದಿಟ್ಟಂತೆ ನೆಟ್ಟಗೆ ಇಳಿದಿದೆ. ಪಶ್ಚಿಮದ ಕಡೆಯ ಇಳಿಜಾರು ಸೌಮ್ಯವಾಗಿದ್ದು, ಜನರು ಮನೆಗಳನ್ನು ಕಟ್ಟಿಕೊಂಡಿರುವುದು ಆ ಮಗ್ಗುಲಿನಲ್ಲಿಯೇ. ಬಂಡೆಯ ನೆತ್ತಿಯಲ್ಲಿ ಮೂರು ಶಿಖರಗಳು. ಮೂರರ ಮೇಲೂ ಒಂದೊಂದು ಬುರುಜು. ಸುಮಾರು 740 ಮೀಟರು ಎತ್ತರದ ಈ ಬೆಟ್ಟಕ್ಕೆ ತಿತಾನೋ ಎಂದು ಹೆಸರು. ಅದರ ಮೇಲಿರುವ ಊರಿನ ಹೆಸರು ಸಾನ್ ಮರೀನೊ. ಊರು ಚಿಕ್ಕದಾದರೂ ಅದು ಒಂದು ಸ್ವತಂತ್ರ ರಾಜ್ಯದ ರಾಜಧಾನಿ. ಆ ರಾಜ್ಯದ ಒಟ್ಟು ವಿಸ್ತಾರ 61 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು 34,000. ನಮ್ಮ ಕಡೆಯ ಒಂದು ಹೋಬಳಿಯನ್ನು ಮನಸ್ಸಿಗೆ ತಂದುಕೊಂಡರೆ ಅದರ ಅಳತೆಯು ವಾಚಕರಿಗೆ ತಿಳಿದೀತು. ನಾಲ್ಕು ಕಡೆಯಲ್ಲಿಯೂ ಇಟಲಿಯೇ ಸುತ್ತುವರಿದಿದ್ದರೂ ಇದು ಇಟಲಿಗೆ ಸೇರಿದ್ದಲ್ಲ. ಇದಕ್ಕೆ ಅರಸನಿಲ್ಲ, ಯಾವ ಕಾಲದಲ್ಲಿಯೂ ಇರಲಿಲ್ಲ.

ಬೊಲೋನ್ಯ ನಗರದಲ್ಲಿ ಸಂಸಾರ ಹೂಡಿರುವ ನಮ್ಮ ತಂಗಿಯ ಮಗನ ಆಹ್ವಾನದ ಮೇರೆಗೆ ಅಲ್ಲಿಗೆ ಹೋಗಿದ್ದಾಗ, ಎರಡು ದಿನ ಈ ಊರಿನಲ್ಲಿ ತಂಗುವ ಅವಕಾಶ ನಮಗೆ ಒದಗಿತು. ರಿಮಿನಿಯಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಗಡಿಯಲ್ಲಿ ಯಾರೂ ತಡೆಯುವುದಿಲ್ಲ. ಬೆಟ್ಟದ ಬುಡದ ಬೋರ್ಗೊ ಮಜ್ಜೋರೆ ಎಂಬ ಪೇಟೆಯಿಂದ ಮೇಲಕ್ಕೆ ಹಗ್ಗದ ಬಂಡಿಯೂ ಉಂಟು. ಯಾತ್ರಿಕರಿಗಾಗಿ ತೆರೆದ ಅಂಗಡಿಗಳ ಸಾಲು ಊರಿನ ಬಾಗಿಲಿನಿಂದಲೇ ಮೊದಲಾಗುವುದು. ಸುಗಂಧದ ಸೀಸೆಗಳೂ ಹಳೆಯ ಮಾದರಿಯ ಕತ್ತಿ ಬಿಲ್ಲುಗಳೂ ಅಲ್ಲಿ ರಾಶಿರಾಶಿಯಾಗಿವೆ. ಬಂದವರಲ್ಲಿ ಹೆಚ್ಚಿನವರು ಮಧ್ಯಾಹ್ನಕ್ಕೆ ಏರಿ ಸಂಜೆಗೆ ಇಳಿದುಬಿಡುತ್ತಾರೆ. ಅಂಗಡಿಗಳು ಮುಚ್ಚಿದ ಬಳಿಕ ಕಲ್ಲುಹಾಸಿನ ಬೀದಿಗಳಲ್ಲಿ ನಡೆದಾಡಿದರೆ ಮಾತ್ರ ಈ ಊರು ಏನೆಂಬುದು ತೋರತೊಡಗುತ್ತದೆ. ಅದರ ಸೊಗಸನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಸೇನೆಯೂ ಸಂಪತ್ತೂ ಇಲ್ಲದ ಒಂದು ಬಂಡೆಯು ಚಕ್ರವರ್ತಿಗಳ ಪೋಪರ ಡ್ಯೂಕರ ನಡುವೆ ಇಷ್ಟು ಶತಮಾನ ತಲೆಬಾಗದೆ ಉಳಿದದ್ದು ಹೇಗೆ, ಉಳಿದದ್ದು ಪೂರ್ತಿ ನಿಜವೆ ಎಂಬುದೇ ನಮ್ಮನ್ನು ಕಾಡಿದ ಪ್ರಶ್ನೆ.

ಊರಿನವರು ಹೇಳುವ ಕಥೆಯು ಹೀಗಿದೆ. ಎದುರುದಡದ ಡಾಲ್ಮೇಷಿಯಾ ಪ್ರಾಂತದ ರಾಬ್ ದ್ವೀಪದಿಂದ ಮರೀನನೆಂಬ ಕಲ್ಲುಕುಟಿಗನು ರಿಮಿನಿಗೆ ಕೆಲಸಕ್ಕೆ ಬಂದನು. ಜತೆಯಲ್ಲಿ ಲಿಯೋ ಎಂಬ ಗೆಳೆಯನಿದ್ದನು. ಇಬ್ಬರೂ ಕ್ರೈಸ್ತರು. ಡಯೋಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ ಕ್ರೈಸ್ತರಿಗೆ ಹಿಂಸೆಯುಂಟಾಗಲು ಮರೀನನು ತಿತಾನೋ ಬೆಟ್ಟವನ್ನೇರಿ ತಪಸ್ವಿಯಂತೆ ಬಾಳಿದನು. ಬೆಟ್ಟದ ಒಡತಿಯಾದ ಫೆಲಿಸ್ಸಿಮಾ ಎಂಬ ಶ್ರೀಮಂತಳ ಮಗನು ಅವನಿಗೆ ಕೇಡೆಣಿಸಿ ಕೈಕಾಲು ಬಿದ್ದವನಾಗಲು, ಮರೀನನು ಪ್ರಾರ್ಥಿಸಿ ಅವನನ್ನು ಗುಣಪಡಿಸಿದನು. ಆ ತಾಯಿಯು ಕೃತಜ್ಞತೆಯಿಂದ ಬೆಟ್ಟವನ್ನೇ ದಾನಮಾಡಿದಳು. ಅವನು ಸಾಯುವಾಗ ತನ್ನ ಸಂಗಡಿಗರನ್ನು ಚಕ್ರವರ್ತಿಗೂ ಪೋಪನಿಗೂ ಅಧೀನರಲ್ಲದ ಸ್ವತಂತ್ರರನ್ನಾಗಿ ಬಿಟ್ಟುಹೋದನಂತೆ. ಕ್ರಿ. ಶ. 301ನೆಯ ವರ್ಷದ ಸೆಪ್ಟೆಂಬರ್ 3ನೆಯ ದಿನವನ್ನು ರಾಜ್ಯದ ಹುಟ್ಟಿದ ದಿನವೆಂದು ಅವರು ಎಣಿಸುತ್ತಾರೆ. ನಾವು ಶಾಲಿವಾಹನ ಶಕವನ್ನು ಹೇಳುವಂತೆ ಅಲ್ಲಿಯ ಸರ್ಕಾರೀ ಪತ್ರಗಳಲ್ಲಿ ಗಣರಾಜ್ಯ ಸ್ಥಾಪನೆಯಾದಂದಿನಿಂದ ಇಷ್ಟನೆಯ ವರ್ಷವೆಂದು ಇಂದಿಗೂ ಬರೆಯುವ ಪದ್ಧತಿಯಿದೆ. ಊರಿನ ದೊಡ್ಡ ದೇವಾಲಯದ ಪಕ್ಕದ ಸಂತ ಪೇತ್ರನ ಗುಡಿಯಲ್ಲಿ ಬಂಡೆಯೊಳಗೆ ಕೊರೆದ ಎರಡು ಗೂಡುಗಳನ್ನು ತೋರಿಸಿ, ಇವೇ ಮರೀನ ಲಿಯೋ ಇವರ ಹಾಸಿಗೆಗಳೆಂದು ಹೇಳುವರು.

ಇದನ್ನು ಇತಿಹಾಸವೆಂದು ಒಪ್ಪಲಾಗದು. ಸಂತನ ಚರಿತ್ರೆಯು ಬರೆಹಕ್ಕಿಳಿದದ್ದು ಅವನ ಕಾಲಕ್ಕೆ ಎಷ್ಟೋ ಶತಮಾನಗಳ ಮೇಲೆ. ಆದರೆ ರಾಜ್ಯದ ದಫ್ತರದಲ್ಲಿ ರಕ್ಷಿತವಾಗಿರುವ ಮೊದಲ ಪತ್ರವು ಕಥೆಗಿಂತ ಸ್ವಾರಸ್ಯವಾದದ್ದೆಂದು ನಮಗೆ ತೋರುತ್ತದೆ. ಅದು 885ನೆಯ ಇಸವಿಯ ಒಂದು ತೀರ್ಪು. ಬೆಟ್ಟದ ಮೇಲಿನ ಮಠದ ಅಧಿಪತಿಯಾದ ಸ್ಟೀಫನನಿಗೂ ರಿಮಿನಿಯ ಬಿಷಪನಾದ ದೆಲ್ತೋನನಿಗೂ ಕೆಲವು ಭೂಮಿಗಳ ವಿಷಯದಲ್ಲಿ ವ್ಯಾಜ್ಯವಾಯಿತು. ತೀರ್ಪು ಮಠದ ಪರವಾಗಿ ಬಂದಿತು. ವೀರನ ಖಡ್ಗವೂ ಇಲ್ಲ, ಪವಾಡವೂ ಇಲ್ಲ. ಜಮೀನಿನ ತಂಟೆ, ಸಾಕ್ಷಿ, ಕಾಗದ. ಈ ರಾಜ್ಯದ ಮುಂದಿನ ಸಾವಿರ ವರ್ಷದ ನಡೆಯೆಲ್ಲ ಈ ಪತ್ರದಲ್ಲಿ ಬೀಜರೂಪವಾಗಿ ಇದೆಯೆನ್ನಬಹುದು. ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳುವ ಗುಣದಿಂದಲೇ ಅವರು ಬಹಳ ಸಲ ಬದುಕಿದರು.

ಮೂರು ಬುರುಜುಗಳ ಪೈಕಿ ಗ್ವಾಯಿತಾ ಎಂಬುದು ಅತ್ಯಂತ ಹಳೆಯದು. 11ನೆಯ ಶತಮಾನದ್ದೆಂದು ಹೇಳುವರು. ಬಹುಕಾಲ ಅದು ಸೆರೆಮನೆಯಾಗಿತ್ತು. 1970ರವರೆಗೂ ಅಲ್ಲಿ ಕೈದಿಗಳಿದ್ದರು. ಎರಡನೆಯದಾದ ಚೆಸ್ತಾ ಅತ್ಯುನ್ನತ ಶಿಖರದ ಮೇಲಿದೆ. ಮೂರನೆಯದಾದ ಮೊಂತಾಲೆಯ ಬಾಗಿಲು ನೆಲದಿಂದ ಬಹಳ ಎತ್ತರದಲ್ಲಿರುವುದರಿಂದ ಏಣಿಯಿಲ್ಲದೆ ಒಳಹೋಗುವಂತಿಲ್ಲ. ರಾಜ್ಯದ ಲಾಂಛನದಲ್ಲಿ ಈ ಮೂರು ಬುರುಜುಗಳ ತುದಿಯಲ್ಲಿಯೂ ಒಂದೊಂದು ಗರಿಯನ್ನು ಬರೆದಿರುತ್ತಾರೆ. ಕಲ್ಲಿನ ಬುರುಜಿಗೆ ಗರಿಯೇಕೆ ಎಂದು ಮೊದಲು ನಮಗೆ ಅರ್ಥವಾಗಲಿಲ್ಲ. ಇಟಾಲಿಯನ್ ಭಾಷೆಯಲ್ಲಿ ‘ಪೆನ್ನಾ’ ಎಂದರೆ ಗರಿ. ಬೆಟ್ಟದ ಚೂಪಾದ ಕೋಡಿಗೂ ಅದೇ ಹೆಸರು. ಶ್ಲೇಷೆಯನ್ನೇ ಚಿತ್ರವಾಗಿ ಬರೆದಿದ್ದಾರೆ. ಲ್ಯಾಟಿನ್ನಿನ ಈ ‘ಪೆನ್ನಾ’ ಶಬ್ದವೂ ನಮ್ಮ ‘ಪತ್ರ’ ಶಬ್ದವೂ, ಹಾರುವುದೆಂಬ ಅರ್ಥದ ‘ಪತ್’ ಧಾತುವಿನ ಒಂದೇ ಮೂಲದಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಹಕ್ಕಿಯ ಗರಿಯಿಂದ ಬರೆಯುತ್ತಿದ್ದ ಕಾರಣ ನಮ್ಮ ಜೇಬಿನ ಪೆನ್ನಿಗೂ ಆ ಹೆಸರೇ ನಿಂತಿದೆ. ಪಾಠಶಾಲೆಯಲ್ಲಿ ಧಾತುಪಾಠವನ್ನು ಉರುಹೊಡೆದವನಿಗೆ ಅಷ್ಟು ದೂರದ ಬೆಟ್ಟದ ಮೇಲೆ ಈ ನಂಟು ಸಿಕ್ಕಿದ್ದು ಸಣ್ಣ ಸಂತೋಷವಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 13ನೆಯ ಶತಮಾನದ ಕೊನೆಯಲ್ಲಿ ನೆರೆಯ ಮೊಂತೆಫೆಲ್ತ್ರೋ ಪ್ರಾಂತದ ಅಧಿಕಾರಿಗಳು ಸಾನ್ ಮರೀನೊದವರಿಂದ ಕರವನ್ನು ಕೇಳಿದರು. ಇವರು ಕೊಡಲಾರೆವೆಂದರು. ವ್ಯಾಜ್ಯವು ಬೆಳೆದು 1296ರಲ್ಲಿ ರಿಮಿನಿಯ ಪಲಮೇದೆ ಎಂಬ ನ್ಯಾಯಾಧಿಪತಿಯ ಮುಂದೆ ವಿಚಾರಣೆಗೆ ಬಂದಿತು. ಸಾಕ್ಷಿ ನುಡಿಯಲು ಬಂದವರು ಸುತ್ತಲಿನ ಸಾಮಾನ್ಯ ಜನರು. ಸಾನ್ ಮರೀನೊದವರು ಏಕೆ ಕರ ಕೊಡುವುದಿಲ್ಲವೆಂದು ಕೇಳಲು, ಅವರು ಸ್ವತಂತ್ರರು ಎಂದು ಉತ್ತರ ಬಂತು. ಹಾಗಾದರೆ ಸ್ವಾತಂತ್ರ್ಯವೆಂದರೇನು ಎಂದು ನ್ಯಾಯಾಧಿಪತಿಯು ಮರುಪ್ರಶ್ನೆ ಹಾಕಿದನು. ಪಂಡಿತರಿಗೂ ತೊಡಕಾದ ಪ್ರಶ್ನೆ. ಮನುಷ್ಯನು ತನ್ನ ಸ್ವತ್ತಿಗೆ ತಾನೇ ಒಡೆಯನಾಗಿದ್ದು, ದೇವರಾದ ಕ್ರಿಸ್ತನಿಗೆ ಹೊರತು ಬೇರೆ ಯಾರಿಗೂ ಬದ್ಧನಾಗದಿರುವುದೇ ಸ್ವಾತಂತ್ರ್ಯ ಎಂಬ ಅಭಿಪ್ರಾಯದ ಉತ್ತರವು ಅಲ್ಲಿ ಲಿಖಿತವಾಗಿದೆ. ಫ್ರಾನ್ಸಿನ ಮಹಾಕ್ರಾಂತಿಗೆ ಇನ್ನೂ ಸುಮಾರು ಐನೂರು ವರ್ಷ ಕಳೆಯಬೇಕಾಗಿದ್ದ ಕಾಲದಲ್ಲಿ ಆಡಿದ ಮಾತಿದು. ಯಾವ ತತ್ತ್ವಗ್ರಂಥವನ್ನೂ ಓದಿರದ ಜನರ ಬಾಯಿಂದ ಹೊರಟದ್ದರಿಂದಲೇ ಅದಕ್ಕೆ ಹೆಚ್ಚಿನ ಬೆಲೆಯೆಂದು ನಾವು ಎಣಿಸುತ್ತೇವೆ.

ಅಷ್ಟು ಹೊತ್ತಿಗೆ ಊರಿನ ಆಡಳಿತಕ್ಕೆ ಒಂದು ಕ್ರಮವು ಏರ್ಪಟ್ಟಿತ್ತು. ಮನೆಯ ಯಜಮಾನರೆಲ್ಲ ಸೇರುವ ಸಭೆಗೆ ಆರೆಂಗೊ ಎಂದು ಹೆಸರು. ಆ ಸಭೆಯ ಅಧಿಕಾರವು ಬರುಬರುತ್ತ 60 ಮಂದಿಯ ಮಹಾಸಭೆಯ ಕೈಗೆ ಬಂದಿತು. ರಾಜ್ಯದ ಮುಖ್ಯಸ್ಥರು ಒಬ್ಬರಲ್ಲ, ಇಬ್ಬರು; ಅವರನ್ನು ಮೊದಲು ಕಾನ್ಸಲರೆಂದೂ ಆಮೇಲೆ ಕಪಿತಾನ್ ರೆಜೆಂಟರೆಂದೂ ಕರೆದರು. ಹೆಸರು ತಿಳಿದಿರುವವರಲ್ಲಿ ಮೊದಲ ಜೋಡಿಯು 1243ರದು. ಅವರ ಅಧಿಕಾರದ ಅವಧಿ ಆರು ತಿಂಗಳು ಮಾತ್ರ. ಏಪ್ರಿಲ್ 1ರಂದು ಇಬ್ಬರು ಏರುತ್ತಾರೆ, ಅಕ್ಟೋಬರ್ 1ರಂದು ಇಳಿಯುತ್ತಾರೆ, ಮತ್ತಿಬ್ಬರು ಬರುತ್ತಾರೆ. ಒಮ್ಮೆ ಇಳಿದವರನ್ನು ಮೂರು ವರ್ಷದೊಳಗೆ ಮತ್ತೆ ಆರಿಸುವಂತಿಲ್ಲ. ಒಬ್ಬನ ಆಜ್ಞೆಯನ್ನು ಇನ್ನೊಬ್ಬನು ತಡೆಯಬಹುದು. ಇಳಿದ ಮೇಲೆ, ಇವರು ಅಧಿಕಾರವನ್ನು ಹೇಗೆ ನಡೆಸಿದರೆಂಬ ಬಗ್ಗೆ ಯಾವ ಪ್ರಜೆಯಾದರೂ ನಿಗದಿಯಾದ ದಿನಗಳೊಳಗೆ ದೂರು ಕೊಡಬಹುದು. ದೂರಿನಲ್ಲಿ ಹುರುಳಿದ್ದರೆ ವಿಚಾರಣೆಯುಂಟು. ಇನ್ನೊಂದು ಏರ್ಪಾಟು ನಮಗೆ ವಿಶೇಷವಾಗಿ ಹಿಡಿಸಿತು: ನ್ಯಾಯಾಧಿಪತಿಯು ಆ ಊರಿನವನಾಗಿರಕೂಡದು, ಹೊರಗಿನಿಂದ ಕರೆಸಿದವನಾಗಿರಬೇಕು ಎಂಬುದು ಅವರ ಹಳೆಯ ಸಂಪ್ರದಾಯ. ಎಲ್ಲರೂ ಎಲ್ಲರಿಗೂ ನೆಂಟರೋ ಹಗೆಗಳೋ ಆಗಿರುವ ಚಿಕ್ಕ ಊರಿನಲ್ಲಿ ಪಕ್ಷಪಾತವಿಲ್ಲದೆ ನ್ಯಾಯ ಹೇಳುವುದೆಷ್ಟು ಕಷ್ಟವೆಂಬುದನ್ನು ಬಲ್ಲವರು ಮಾತ್ರ ಇಂಥ ನಿಯಮವನ್ನು ಮಾಡಬಲ್ಲರು. ಇವೆಲ್ಲವೂ 1600ರಲ್ಲಿ ಶಾಸನಗಳ ರೂಪದಲ್ಲಿ ಅಚ್ಚುಕಟ್ಟಾಗಿ ಸಂಗ್ರಹಿಸಲ್ಪಟ್ಟವು. ಆಗ ಬರೆದದ್ದು ಎಷ್ಟೋ ತಿದ್ದುಪಡಿಗಳೊಡನೆ ಇನ್ನೂ ಅಲ್ಲಿಯ ಕಾನೂನಿನ ಅಡಿಗಲ್ಲಾಗಿ ನಿಂತಿದೆ.

ಹೊರಗಿನ ಶತ್ರುಗಳು ಬರಲಿಲ್ಲವೆಂದಲ್ಲ. ರಿಮಿನಿಯ ದೊರೆ ಸಿಗಿಸ್ಮೊಂದೊ ಮಲತೆಸ್ತನ ಮೇಲಿನ ಯುದ್ಧದಲ್ಲಿ ಪೋಪನ ಕಡೆ ಸೇರಿದ್ದಕ್ಕಾಗಿ 1463ರಲ್ಲಿ ಇವರಿಗೆ ನಾಲ್ಕು ಗ್ರಾಮಗಳು ಕೂಡಿಕೊಂಡವು. ರಾಜ್ಯವು ಬೆಳೆದದ್ದು ಅದೇ ಕೊನೆ. ಅಂದಿನ ಗಡಿಯೇ ಇಂದಿನ ಗಡಿ. 1503ರಲ್ಲಿ ಪೋಪ್ ಆರನೆಯ ಅಲೆಗ್ಸಾಂಡರನ ಮಗ ಚೇಸರೆ ಬೋರ್ಜಿಯನು ಊರನ್ನು ಹಿಡಿದನು. ಅದೇ ವರ್ಷ ತಂದೆಯು ಸತ್ತು ಮಗನ ಪ್ರತಾಪವು ಕುಸಿಯಲು ಊರು ಬಿಡುಗಡೆ ಹೊಂದಿತು. 1543ರ ಜೂನ್ ತಿಂಗಳಿನಲ್ಲಿ ಫಾಬಿಯಾನೊ ದ ಮೊಂತೆ ಎಂಬವನು ರಾತ್ರಿಯಲ್ಲಿ ಗೋಡೆಯೇರಲು ದಂಡು ತಂದನು. ದಟ್ಟವಾದ ಮಂಜಿನಲ್ಲಿ ದಾರಿ ತಪ್ಪಿ ಹಿಂದಿರುಗಿದನು. ಮಂಜನ್ನು ಕವಿಸಿದವನು ಸಂತ ಮರೀನನೇ ಎಂದು ಊರಿನ ನಂಬಿಕೆ.

ಎಲ್ಲಕ್ಕಿಂತ ದೊಡ್ಡ ಗಂಡಾಂತರವು 1739ರಲ್ಲಿ ಬಂದಿತು. ಆಗ ರೊಮಾನ್ಯ ಪ್ರಾಂತಕ್ಕೆ ಪೋಪನ ಪ್ರತಿನಿಧಿಯಾಗಿದ್ದವನು ಕಾರ್ಡಿನಲ್ ಜೂಲಿಯೊ ಅಲ್ಬೆರೋನಿ. ಇವನು ಪಿಯಾಚೆನ್ಸದ ತೋಟಗಾರನೊಬ್ಬನ ಮಗ. ಬುದ್ಧಿಬಲದಿಂದ ಮೇಲೇರಿ ಸ್ಪೇನ್ ದೇಶದ ಮಂತ್ರಿಪದವಿಯನ್ನು ಪಡೆದು, ಯೂರೋಪನ್ನೆಲ್ಲ ಕಲಕಿ, 1719ರಲ್ಲಿ ಅಲ್ಲಿಂದ ಹೊರದೂಡಲ್ಪಟ್ಟವನು. ದೊಡ್ಡ ರಾಜ್ಯಗಳ ಆಟ ತಪ್ಪಿದ ಮುದುಕನಿಗೆ ಈ ಸಣ್ಣ ರಾಜ್ಯದ ಮೇಲೆ ಕಣ್ಣು ಬಿದ್ದಿತು. ಸೆರೆಯಲ್ಲಿದ್ದ ಕೆಲವರ ವಿಷಯವಾಗಿ ಎದ್ದ ವ್ಯಾಜ್ಯವು ನೆಪಕ್ಕೆ ಒದಗಿತು. ಊರೊಳಗಿನ ಅತೃಪ್ತರು ಕೆಲವರು ತಾವಾಗಿ ಪೋಪನ ಪ್ರಜೆಗಳಾಗಲು ಬಯಸುತ್ತಿದ್ದಾರೆಂದು ಅವನು ರೋಮಿಗೆ ಬರೆದನು. ಗಡಿಯಲ್ಲಿ ನಿಂತು, ಜನರು ಸ್ವಇಚ್ಛೆಯಿಂದ ಬಂದರೆ ಮಾತ್ರ ಒಪ್ಪಿಕೊಳ್ಳತಕ್ಕದ್ದೆಂದು ರೋಮಿನ ಅಪ್ಪಣೆ. ಕಾರ್ಡಿನಲನು ಗಡಿಯಲ್ಲಿ ಕಾಯುತ್ತ ಕೂಡಲಿಲ್ಲ. ಅಕ್ಟೋಬರ್ 17ರಂದು ಊರನ್ನು ಹೊಕ್ಕನು. ಹಿಂದೆಯೇ ಸಿಪಾಯಿಗಳು ಬಂದರು.

ಅಕ್ಟೋಬರ್ 25ರಂದು ಊರಿನ ದೇವಾಲಯದಲ್ಲಿ ದೊಡ್ಡ ಪೂಜೆಯನ್ನು ಏರ್ಪಡಿಸಿ, ಪೂಜೆಯ ನಡುವೆ ಪ್ರಮುಖರನ್ನು ಒಬ್ಬೊಬ್ಬರನ್ನಾಗಿ ಕರೆದು ಪೋಪನಿಗೆ ವಿಧೇಯರಾಗಿರುವುದಾಗಿ ಪ್ರಮಾಣ ಮಾಡಿಸಲಾರಂಭಿಸಿದನು. ಕೆಲವರು ಮಾಡಿದರು. ಅಲ್ಫೋನ್ಸೊ ಜಾಂಜಿ ಎಂಬವನ ಸರದಿ ಬಂದಾಗ, ಈ ತಿಂಗಳ ಮೊದಲನೆಯ ದಿನವೇ ನನ್ನ ನ್ಯಾಯವಾದ ಪ್ರಭುವಾದ ಗಣರಾಜ್ಯಕ್ಕೆ ಪ್ರಮಾಣ ಮಾಡಿದ್ದೇನೆ, ಅದನ್ನೇ ಈಗಲೂ ಸ್ಥಿರಪಡಿಸುತ್ತೇನೆ ಎಂಬರ್ಥದ ಮಾತನ್ನಾಡಿ ನಿಂತನು. ಜೂಸೆಪ್ಪೆ ಓನೋಫ್ರಿ, ಜಿರೋಲಮೊ ಗೋಜಿ ಇವರೂ ಹಾಗೆಯೇ ನಿರಾಕರಿಸಿದರು. ದೇವಾಲಯದೊಳಗೆ ಗಣರಾಜ್ಯಕ್ಕೆ ಜಯಘೋಷವೆದ್ದಿತು. ಕೋಪಗೊಂಡ ಕಾರ್ಡಿನಲನು ಒಪ್ಪದವರ ಮನೆಗಳನ್ನು ಲೂಟಿಮಾಡಿಸಿದನು. ಊರಿನವರು ಹತಾಶರಾಗದೆ ರೋಮಿಗೂ ಇತರ ಆಸ್ಥಾನಗಳಿಗೂ ಅರ್ಜಿಗಳನ್ನು ಕಳುಹಿಸಿದರು. ಪೋಪ್ ಹನ್ನೆರಡನೆಯ ಕ್ಲೆಮೆಂಟನು ಎನ್ರಿಕೊ ಎನ್ರಿಕೆಜ್ ಎಂಬ ಧರ್ಮಾಧಿಕಾರಿಯನ್ನು ವಿಚಾರಣೆಗಾಗಿ ಕಳುಹಲು, ಅವನು ಜನರ ಮನಸ್ಸನ್ನು ಅರಿತು 1740ರ ಫೆಬ್ರವರಿ 5ರಂದು ಸ್ವಾತಂತ್ರ್ಯವನ್ನು ಹಿಂದಕ್ಕೆ ಕೊಟ್ಟನು. ಅದು ಸಂತ ಅಗಾತೆಯ ಹಬ್ಬದ ದಿನ. ಅಂದಿನಿಂದ ಆಕೆಯೂ ಊರಿನ ರಕ್ಷಕದೇವತೆಗಳಲ್ಲಿ ಒಬ್ಬಳಾದಳು. ಮರುದಿನವೇ ಪೋಪನು ಕಾಲವಾದನು. ಒಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೋ!

ಎರಡನೆಯ ಪರೀಕ್ಷೆಯು ಬೆದರಿಕೆಯ ರೂಪದಲ್ಲಲ್ಲ, ಬಹುಮಾನದ ರೂಪದಲ್ಲಿ ಬಂದಿತು. 1797ರ ಫೆಬ್ರವರಿಯಲ್ಲಿ ನೆಪೋಲಿಯನ್ ಬೋನಪಾರ್ಟನು ತನ್ನ ಸೈನ್ಯದೊಂದಿಗೆ ಆ ಪ್ರಾಂತವನ್ನೆಲ್ಲ ಗೆದ್ದುಕೊಂಡಿದ್ದನು. ಅವನು ಗಸ್ಪಾರ್ ಮೋಂಜ್ ಎಂಬ ಸುಪ್ರಸಿದ್ಧ ಗಣಿತಜ್ಞನನ್ನು ದೂತನನ್ನಾಗಿ ಬೆಟ್ಟದ ಮೇಲಕ್ಕೆ ಕಳುಹಿಸಿ, ಸ್ವಾತಂತ್ರ್ಯದ ಈ ಹಳೆಯ ನೆಲೆಗೆ ತನ್ನ ಗೌರವವನ್ನು ತಿಳಿಸಿ, ಗಡಿಯನ್ನು ವಿಸ್ತರಿಸಿಕೊಳ್ಳಬೇಕೆಂಬ ಅಪೇಕ್ಷೆಯಿದ್ದರೆ ಭೂಮಿಯನ್ನು ಕೊಡಲು ಸಿದ್ಧನೆಂದು ಹೇಳಿಸಿದನು. ಗೋಧಿಯನ್ನೂ ಫಿರಂಗಿಗಳನ್ನೂ ಕೊಡುವೆನೆಂದನು. ಆಗ ರಾಜ್ಯದ ಮುಖಂಡನಾಗಿದ್ದ ಅಂತೋನಿಯೊ ಓನೋಫ್ರಿಯ ಸಲಹೆಯಂತೆ ಅವರು ಭೂಮಿಯನ್ನು ಬೇಡವೆಂದರು. ನಮ್ಮ ಬಡತನವೂ ಚಿಕ್ಕತನವೂ ನಮಗೆ ಸಾಕು, ದೊಡ್ಡದಾಗುವ ಆಸೆಯು ಸ್ವಾತಂತ್ರ್ಯಕ್ಕೆ ಅಪಾಯ ತಂದೀತು ಎಂಬುದು ಉತ್ತರದ ತಾತ್ಪರ್ಯ. ಗೋಧಿಯನ್ನು ಸ್ವೀಕರಿಸಿದರು. ಫಿರಂಗಿಗಳು ಬರಲೇ ಇಲ್ಲ.

ಈ ನಿರಾಕರಣೆಯ ಬೆಲೆಯನ್ನು ತಿಳಿಯಬೇಕಾದರೆ ಸುತ್ತಮುತ್ತ ನೋಡಬೇಕು. ಅದೇ ವರ್ಷದ ಮೇ ತಿಂಗಳಲ್ಲಿ, ಸಾವಿರ ವರ್ಷಕ್ಕೆ ಮಿಕ್ಕಿ ಬಾಳಿದ ವೆನಿಸ್ ಗಣರಾಜ್ಯವು ಅದೇ ನೆಪೋಲಿಯನ್ನನ ಕೈಯಲ್ಲಿ ಕೊನೆಗಂಡಿತು. ಮರೀನನು ಬಂದ ಕರಾವಳಿಯಲ್ಲಿಯೇ ಇದ್ದ ರಗೂಸ ಗಣರಾಜ್ಯವು 1808ರಲ್ಲಿ ಅಳಿಯಿತು. ಜಿನೋವವನ್ನು 1815ರ ವಿಯೆನ್ನಾ ಸಮ್ಮೇಳನವು ಸಾರ್ಡಿನಿಯದ ರಾಜನಿಗೆ ಒಪ್ಪಿಸಿತು. ಆ ಸಮ್ಮೇಳನದಲ್ಲಿ ನೆಪೋಲಿಯನ್ ಹಂಚಿದ ಭೂಮಿಗಳನ್ನೆಲ್ಲ ಮರಳಿ ಎಳೆದುಕೊಂಡರಷ್ಟೆ. ಸಾನ್ ಮರೀನೊದವರ ಬಳಿ ಎಳೆದುಕೊಳ್ಳತಕ್ಕದ್ದೇನೂ ಇರಲಿಲ್ಲ. ಆದಕಾರಣ ಅವರನ್ನು ಯಾರೂ ಕೇಳಲಿಲ್ಲ. ಓನೋಫ್ರಿಯಂಥ ದೂರದೃಷ್ಟಿಯುಳ್ಳವನು ಆ ಬಂಡೆಯ ಮೇಲೆ ಹುಟ್ಟಿದ್ದು ಅವರ ಪುಣ್ಯ.

1849ರ ಜುಲೈ 31ರ ಕಥೆಯು ಇಟಲಿಯಲ್ಲಿ ಮಕ್ಕಳಿಗೂ ಗೊತ್ತು. ರೋಮಿನ ಗಣರಾಜ್ಯವು ಬಿದ್ದ ಮೇಲೆ ಗಾರಿಬಾಲ್ಡಿಯು ಅಳಿದುಳಿದ ಸೈನ್ಯದೊಡನೆ, ಗರ್ಭಿಣಿಯಾದ ಹೆಂಡತಿ ಅನೀತಳೊಡನೆ, ಆಸ್ಟ್ರಿಯದ ದಂಡು ಬೆನ್ನಟ್ಟುತ್ತಿರಲು ಈ ಬೆಟ್ಟವನ್ನು ಹೊಕ್ಕನು. ರೆಜೆಂಟನಾದ ದೊಮೆನಿಕೊ ಬೆಲ್ಝೊಪ್ಪಿಯು ಆಶ್ರಯವನ್ನೂ ಅನ್ನವನ್ನೂ ಕೊಟ್ಟು ಆಸ್ಟ್ರಿಯನ್ನರೊಂದಿಗೆ ಸಂಧಾನಕ್ಕೆ ತೊಡಗಿದನು. ಕಪುಚಿನ್ ಸನ್ಯಾಸಿಗಳ ಗುಡಿಯ ಮೆಟ್ಟಲಿನ ಮೇಲೆ ಗಾರಿಬಾಲ್ಡಿಯು ಸೈನ್ಯವನ್ನು ವಿಸರ್ಜಿಸುವ ಆಜ್ಞೆಯನ್ನು ಬರೆದು, ಆ ರಾತ್ರಿಯೇ ಕೆಲವು ನೂರು ಮಂದಿಯೊಡನೆ ಸಮುದ್ರದ ಕಡೆ ನುಸುಳಿಹೋದನು. ಆಗಸ್ಟ್ 4ರಂದು ರವೆನ್ನದ ಹತ್ತಿರ ಅನೀತಳು ಪ್ರಾಣಬಿಟ್ಟಳು. ಮುಂದೆ ಇಟಲಿಯು ಒಂದಾದಾಗ ಈ ಬಂಡೆಯನ್ನು ಮಾತ್ರ ನುಂಗದೆ 1862ರಲ್ಲಿ ಅದರೊಡನೆ ಕೌಲು ಮಾಡಿಕೊಂಡಿತು. ಅಂದಿನ ಉಪಕಾರದ ನೆನಪೂ ಅದಕ್ಕೊಂದು ಕಾರಣವೆಂದು ಊರಿನವರು ಹೇಳುವರು. ಅದಕ್ಕೆ ಹಿಂದಿನ ವರ್ಷ ಅವರು ಅಮೆರಿಕದ ಅಧ್ಯಕ್ಷ ಏಬ್ರಹಾಂ ಲಿಂಕನ್ನನಿಗೆ ತಮ್ಮ ಪೌರತ್ವವನ್ನು ಗೌರವಾರ್ಥವಾಗಿ ಅರ್ಪಿಸಿದ್ದರು. ಅಂತರ್ಯುದ್ಧವು ಆಗತಾನೇ ಹೊತ್ತಿಕೊಂಡಿದ್ದ ಆ 1861ರ ಮೇ 7ರಂದು ಲಿಂಕನ್ನನು ಬರೆದ ಉತ್ತರದಲ್ಲಿ, ಪ್ರಜಾಧಿಪತ್ಯವು ಸುಭದ್ರವಾಗಿ ಚಿರಕಾಲ ನಿಲ್ಲಬಲ್ಲುದೆಂಬುದಕ್ಕೆ ನಿಮ್ಮ ರಾಜ್ಯವೇ ಪ್ರಮಾಣ ಎಂಬ ಭಾವವಿದೆ.

ಇಷ್ಟನ್ನು ಓದಿದ ವಾಚಕರು ಆ ಊರಿನವರಂತೆಯೇ ತಲೆದೂಗಿಯಾರು. ಆದರೆ ಲಿಂಕನ್ನನು ಆ ಪತ್ರವನ್ನು ಬರೆದಾಗ ಅಲ್ಲಿ ಪ್ರಜಾಧಿಪತ್ಯವಿತ್ತೆ? ಇರಲಿಲ್ಲ. ಮನೆಯ ಯಜಮಾನರ ಆರೆಂಗೊ ಸಭೆಯನ್ನು 16ನೆಯ ಶತಮಾನದ ಉತ್ತರಾರ್ಧದಿಂದಲೇ ಕರೆಯುವುದು ನಿಂತುಹೋಗಿತ್ತು. 60 ಮಂದಿಯ ಮಹಾಸಭೆಯಲ್ಲಿ ಒಬ್ಬ ಸದಸ್ಯನು ಸತ್ತರೆ ಉಳಿದವರೇ ತಮಗೆ ಬೇಕಾದವನನ್ನು ಆರಿಸಿಕೊಳ್ಳುತ್ತಿದ್ದರು. ಆರಿಸಲ್ಪಟ್ಟವನು ಸಾಯುವ ತನಕ ಸದಸ್ಯನೇ. ಆರು ತಿಂಗಳಿಗೊಮ್ಮೆ ರೆಜೆಂಟರು ಬದಲಾಗುತ್ತಿದ್ದರು, ನಿಜ. ಆದರೆ ಅವರು ಬರುತ್ತಿದ್ದುದು ಆ ಕೆಲವೇ ಮನೆಗಳಿಂದ. ಗಣರಾಜ್ಯವು ಹೊರಗಿನ ಧನಿಕರಿಗೆ ಡ್ಯೂಕ್, ಕೌಂಟ್ ಮೊದಲಾದ ಬಿರುದುಗಳನ್ನೂ ದಯಪಾಲಿಸುತ್ತಿತ್ತು. ಊರಿನ ಚೌಕದಲ್ಲಿರುವ ಸ್ವಾತಂತ್ರ್ಯದೇವಿಯ ಅಮೃತಶಿಲೆಯ ಪ್ರತಿಮೆಯು 1876ರಲ್ಲಿ ಬರ್ಲಿನ್ನಿನ ಶ್ರೀಮಂತ ಮಹಿಳೆಯೊಬ್ಬಳು ಕೊಟ್ಟದ್ದು. ಆಕೆಗೆ ಪ್ರತಿಯಾಗಿ ದೊರೆತದ್ದು ಡಚೆಸ್ ಪದವಿ. ಸ್ವಾತಂತ್ರ್ಯದೇವಿಯನ್ನು ತಂದುಕೊಟ್ಟವಳು ಡಚೆಸ್ ಆದದ್ದನ್ನು ಕೇಳಿ ನಮಗೆ ನಗು ಬಂದಿತು. ಅಂಥ ಬಿರುದುಗಳನ್ನು ಕೊಡುವ ವಾಡಿಕೆಯು ಈಗ ನಿಂತಿದೆ.

ಕೌಟಿಲ್ಯನು ಅರ್ಥಶಾಸ್ತ್ರದ ಹನ್ನೊಂದನೆಯ ಅಧಿಕರಣವನ್ನು ಸಂಘಗಳ, ಎಂದರೆ ಅರಸನಿಲ್ಲದ ಗಣಗಳ, ವಿಚಾರಕ್ಕೆಂದೇ ಮೀಸಲಿಟ್ಟಿದ್ದಾನೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಆ ಗ್ರಂಥವನ್ನು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟುದನ್ನು ವಾಚಕರು ಬಲ್ಲರು. ಒಗ್ಗಟ್ಟಿರುವ ತನಕ ಸಂಘಗಳನ್ನು ಹೊರಗಿನವರು ಗೆಲ್ಲುವುದು ದುಸ್ಸಾಧ್ಯ, ಆದುದರಿಂದ ಒಳಗೆ ಭೇದವನ್ನು ಬಿತ್ತಬೇಕು ಎಂಬುದು ಅವನ ಉಪದೇಶ. ಅಲ್ಬೆರೋನಿಯು ಮಾಡಲು ನೋಡಿದ್ದೂ ಅದನ್ನೇ. ಆದರೆ ಹೊರಗಿನ ಕೈವಾಡವಿಲ್ಲದೆಯೇ, ಒಳಗಿನ ದೊಡ್ಡ ಮನೆಗಳವರೇ ಸದ್ದಿಲ್ಲದೆ ಗಣವನ್ನು ಸ್ವಂತ ಮಾಡಿಕೊಳ್ಳಬಲ್ಲರೆಂಬುದಕ್ಕೆ ಸಾನ್ ಮರೀನೊ ಸಾಕ್ಷಿಯಾಗಿದೆ. ಲೆಕ್ಕ ಹಾಕಿ ನೋಡಿ: ಬೋರ್ಜಿಯನ ಹಿಡಿತ ಕೆಲವು ತಿಂಗಳು, ಕಾರ್ಡಿನಲನದು ನಾಲ್ಕು ತಿಂಗಳಿಗೂ ಕಡಮೆ, ಸ್ವಜನರ ಹಿಡಿತ ಮುನ್ನೂರು ವರ್ಷಕ್ಕೂ ಮಿಕ್ಕಿ. ಊರಿನ ಚರಿತ್ರೆಯನ್ನು ಹೇಳುವ ಪುಸ್ತಕಗಳು ಮಾತ್ರ ಮೊದಲಿನ ಎರಡಕ್ಕೆ ಅಧ್ಯಾಯಗಳನ್ನೂ ಮೂರನೆಯದಕ್ಕೆ ಒಂದೆರಡು ವಾಕ್ಯಗಳನ್ನೂ ಕೊಡುತ್ತವೆ.

ಆ ಬೀಗವನ್ನು ತೆಗೆಯಲು ಪಾಡುಪಟ್ಟವರಲ್ಲಿ ಪಿಯೆತ್ರೊ ಫ್ರಾಂಚೋಸಿ ಎಂಬ ಅಧ್ಯಾಪಕರು ಮುಖ್ಯರು. ಉಪಾಧ್ಯಾಯವೃತ್ತಿಯವರಾದ ನಮಗೆ ಅವರ ಹೆಸರನ್ನು ಹೇಳುವುದರಲ್ಲಿ ಸ್ವಲ್ಪ ಅಭಿಮಾನವಾದರೆ ವಾಚಕರು ಕ್ಷಮಿಸಬೇಕು. 1906ರ ಮಾರ್ಚ್ 25ರಂದು ಮತ್ತೆ ಆರೆಂಗೊ ಕೂಡಿತು. ಮನೆಗಳ ಯಜಮಾನರು ದೇವಾಲಯದಲ್ಲಿ ನೆರೆದು, ಮಹಾಸಭೆಯ ಸದಸ್ಯರನ್ನು ಜನರೇ ಆರಿಸಬೇಕೆಂದು ಬಹುಮತದಿಂದ ನಿರ್ಣಯಿಸಿದರು. ಆ ದೇವಾಲಯದ ಹಣೆಯ ಮೇಲೆ, ರಕ್ಷಕನೂ ಸ್ವಾತಂತ್ರ್ಯಕರ್ತನೂ ಆದ ಸಂತ ಮರೀನನಿಗೆ ಸಭೆಯೂ ಜನರೂ ಅರ್ಪಿಸಿದ್ದು ಎಂಬ ಅರ್ಥದ ಲ್ಯಾಟಿನ್ ಬರೆಹವಿದೆ. ಕಟ್ಟಡವು 1838ರಲ್ಲಿ ಮುಗಿದದ್ದು. ಜನರು ಎಂಬ ಆ ಶಬ್ದಕ್ಕೆ ಅರ್ಥ ಬರಲು ಇನ್ನೂ 68 ವರ್ಷ ಹಿಡಿಯಿತು.

ಮರಳಿ ಪಡೆದದ್ದು ಬಹುಕಾಲ ನಿಲ್ಲಲಿಲ್ಲ. ಇಟಲಿಯಲ್ಲಿ ಮುಸೊಲಿನಿಯು ಮೇಲೆ ಬಂದ ಮೇಲೆ 1923ರಿಂದ ಇಲ್ಲಿಯೂ ಫ್ಯಾಸಿಸ್ಟ್ ಪಕ್ಷದವರ ಆಳಿಕೆಯಾಯಿತು. ಅದು ಮುಗಿದದ್ದು 1943ರ ಜುಲೈ 28ರಂದು. ಈ ಇಪ್ಪತ್ತು ವರ್ಷವೂ ಹೊರಗಿನ ಸೈನ್ಯ ಹೇರಿದ್ದಲ್ಲ, ಊರಿನವರೇ ನಡೆಸಿದ್ದು. ಆ ಕಾಲದ ನೆನಪಾಗಿ ಉಳಿದಿರುವುದು 1932ರಲ್ಲಿ ರಿಮಿನಿಯಿಂದ ಬೆಟ್ಟಕ್ಕೆ ಹಾಕಿದ ವಿದ್ಯುತ್ ರೈಲಿನ ಸುರಂಗಗಳು.

ಆ ಸುರಂಗಗಳು ಮಾಡಿದವರೆಣಿಸದ ಒಂದು ಉಪಯೋಗಕ್ಕೆ ಬಂದವು. ಎರಡನೆಯ ಮಹಾಯುದ್ಧದಲ್ಲಿ ರಾಜ್ಯವು ತಟಸ್ಥವಾಗಿತ್ತು. ಆದರೂ 1944ರ ಜೂನ್ 26ರಂದು ಬ್ರಿಟಿಷ್ ವಿಮಾನಗಳು ಬಾಂಬು ಹಾಕಿದವು. 60ಕ್ಕೂ ಹೆಚ್ಚು ಜನ ಸತ್ತರು, ರೈಲುದಾರಿಯು ಹಾಳಾಯಿತು. ಸುಮಾರು 15,000 ಜನರಿದ್ದ ರಾಜ್ಯದೊಳಕ್ಕೆ ಯುದ್ಧಭೂಮಿಯಿಂದ ಓಡಿಬಂದ ಒಂದು ಲಕ್ಷದಷ್ಟು ಜನ ಹೊಕ್ಕರು. ರೈಲು ನಿಂತುಹೋದ ಸುರಂಗಗಳಲ್ಲಿ ಅವರು ತಿಂಗಳುಗಟ್ಟಲೆ ಮಲಗಿದರು. ಒಬ್ಬನಿಗೆ ಆರೇಳು ಮಂದಿಯಂತೆ ಅತಿಥಿಗಳು! ಸ್ವಾತಂತ್ರ್ಯದ ಹೆಸರಿನಲ್ಲಿ ಅಲ್ಲಿ ಕೆತ್ತಿರುವ ಶಿಲಾಲೇಖಗಳೆಲ್ಲವನ್ನೂ ಬದಿಗಿಟ್ಟರೂ ಈ ಒಂದು ಸಂಗತಿಯು ಆ ಬೆಟ್ಟದ ಗೌರವಕ್ಕೆ ಸಾಕು.

ಆ ಸೆಪ್ಟೆಂಬರಿನಲ್ಲಿ ಜರ್ಮನರು ಬೆಟ್ಟವನ್ನು ಹೊಕ್ಕು ನಿಂತಾಗ ಅವರನ್ನು ಅಲ್ಲಿಂದ ಅಟ್ಟಲು ಬಂದದ್ದು ನಾಲ್ಕನೆಯ ಇಂಡಿಯನ್ ಡಿವಿಜನ್ ಎಂಬ ಸೇನಾವಿಭಾಗ. 17ರಿಂದ 20ರವರೆಗೆ ಹೋರಾಟ ನಡೆಯಿತು. ಒಂಬತ್ತನೆಯ ಗೂರ್ಖಾ ರೈಫಲ್ಸ್ ಪಡೆಯ ಶೇರ್ ಬಹಾದೂರ್ ಥಾಪಾ ಎಂಬ ಯುವಕನು ಶತ್ರುವಿನ ಗುಂಡಿನ ಮಳೆಗೆ ಎದುರಾಗಿ ಏಣಿನ ಮೇಲೆ ಒಬ್ಬನೇ ನಿಂತು ಸಂಗಡಿಗರು ಹಿಂದೆಗೆಯುವುದಕ್ಕೆ ಅವಕಾಶ ಮಾಡಿಕೊಟ್ಟು, ಗಾಯಗೊಂಡ ಇಬ್ಬರನ್ನು ಹೊತ್ತುತಂದು, ಕೊನೆಗೆ ತಾನು ಬಿದ್ದನು. ಅವನಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ರಿಮಿನಿಯಿಂದ ಬೆಟ್ಟಕ್ಕೆ ಹೋಗುವ ದಾರಿಯ ಬದಿಯಲ್ಲಿಯೇ ಗೂರ್ಖಾ ಯೋಧರ ಸಮಾಧಿಸ್ಥಳವಿದೆ. ತಮ್ಮ ಧರ್ಮದಂತೆ ದಹನಗೊಂಡ ಭಾರತೀಯ ಸೈನಿಕರ ಸ್ಮಾರಕವೂ ಅಲ್ಲಿಯೇ. ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದಾರೆ, ಸಾಲುಕಲ್ಲುಗಳ ಮೇಲೆ ಹೆಸರುಗಳು ಸ್ಪಷ್ಟವಾಗಿವೆ. ಆಗ ಅವರ ಸ್ವಂತ ದೇಶವು ಸ್ವತಂತ್ರವಾಗಿರಲಿಲ್ಲ. ನೇಪಾಳದಿಂದ ಬಂದವರಿಗೆ ಆ ಯುದ್ಧವೇ ತಮ್ಮದಲ್ಲ. ಸಾವಿರದ ಆರುನೂರು ವರ್ಷದ ಸ್ವಾತಂತ್ರ್ಯವೆಂದು ಹೇಳಿಕೊಳ್ಳುವ ಬೆಟ್ಟದ ಬುಡದಲ್ಲಿ ಅವರು ಮಲಗಿದ್ದಾರೆ. ಆ ಊರಿಗೆ ಹೋಗುವ ನಮ್ಮವರು ಅಲ್ಲಿ ಹತ್ತು ನಿಮಿಷ ಇಳಿದು ಹೋಗುವುದು ಉಚಿತ.

ಯುದ್ಧದ ತರುವಾಯ ರೈಲು ಮತ್ತೆ ಓಡಲಿಲ್ಲ. ನೀಲಿ ಬಿಳಿ ಬಣ್ಣದ ಒಂದು ಬಂಡಿಯನ್ನು ಮಾತ್ರ ದುರಸ್ತುಮಾಡಿ ಸುರಂಗದ ಬಳಿ ಇಟ್ಟಿದ್ದಾರೆ. ಹೆಂಗಸರಿಗೆ ಮತದ ಹಕ್ಕನ್ನು ಕೊಡುವ ಕಾನೂನು 1959ರಲ್ಲಿ ಆಯಿತು. ನಮ್ಮ ದೇಶದ ಹೆಂಗಸರು ಅಷ್ಟು ಹೊತ್ತಿಗೆ ಎರಡು ಮಹಾಚುನಾವಣೆಗಳಲ್ಲಿ ಮತ ಹಾಕಿದ್ದರು. 1981ರಲ್ಲಿ ಮರಿಯಾ ಲೆಯಾ ಪೆದೀನಿ ಎಂಬವರು ರೆಜೆಂಟ್ ಪೀಠವನ್ನೇರಿದ ಮೊದಲ ಮಹಿಳೆಯಾದರು. ರಾಜ್ಯವು 1992ರಲ್ಲಿ ವಿಶ್ವಸಂಸ್ಥೆಯನ್ನು ಸೇರಿತು. 2008ರಲ್ಲಿ ಯುನೆಸ್ಕೋ ಸಂಸ್ಥೆಯು ಊರನ್ನೂ ಬೆಟ್ಟವನ್ನೂ ಲೋಕದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಆರೆಂಗೊ ಸಭೆಯು ಈಗ ಕೂಡುವುದಿಲ್ಲ. ಅದರ ಒಂದು ಹಕ್ಕು ಮಾತ್ರ ಉಳಿದಿದೆ. ಹೊಸ ರೆಜೆಂಟರು ಪ್ರಮಾಣ ಸ್ವೀಕರಿಸಿದ ಬಳಿಕ ಬರುವ ಮೊದಲನೆಯ ಭಾನುವಾರ, ಚೌಕದ ಅಂಚಿನಲ್ಲಿ 1894ರಲ್ಲಿ ಕಟ್ಟಿ ಮುಗಿಸಿದ ಸರ್ಕಾರದ ಮಂದಿರಕ್ಕೆ ಪ್ರಜೆಗಳು ಬಂದು ತಮ್ಮ ಅರ್ಜಿಗಳನ್ನು ನೇರವಾಗಿ ಅವರ ಕೈಗೆ ಕೊಡುತ್ತಾರೆ. ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ್ದಾದರೆ ವಿಷಯ ಯಾವುದಾದರೂ ಆಗಬಹುದು. ಅರ್ಜಿಯು ಕ್ರಮವಾಗಿದ್ದರೆ ಮಹಾಸಭೆಯು ಅದನ್ನು ಆರು ತಿಂಗಳೊಳಗೆ, ಎಂದರೆ ಆ ಇಬ್ಬರು ರೆಜೆಂಟರು ಪೀಠದಿಂದ ಇಳಿಯುವುದರೊಳಗೆ, ಚರ್ಚಿಸಿ ಇತ್ಯರ್ಥ ಮಾಡಲೇಬೇಕು.